ಐತಿಹ್ಯದಿಂದ ಲಯಕ್ಕೆ: ಜನಪದ ತಾಳವಾದ್ಯ ಮೇಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಳ್ಳು, ಕಂಸಾಳೆ, ತಮಟೆ ತಂಡ ಕಟ್ಟುವವರು, ಯುವಜನೋತ್ಸವಕ್ಕೆ ತಯಾರಾಗುವ ಕಾಲೇಜಿನವರು, ನಾಟಕಕ್ಕೆ ಸಂಗೀತ ಮಾಡುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇವೆ. ಸುಲಭದ್ದು ಮೊದಲು, ಕಠಿಣವಾದದ್ದು ಆಮೇಲೆ.

## ಶುರು ಮಾಡುವವರಿಗೆ

ಬರೀ ಡೊಳ್ಳು ಬಾರಿಸಿದರೆ ಅದು ಐತಿಹ್ಯ ಆಧರಿಸಿದ ಸಂಗೀತ ಹೇಗಾಗುತ್ತೆ? ಕಥೆ ಎಲ್ಲಿದೆ ಅದರಲ್ಲಿ?

ನಮ್ಮಲ್ಲಿ ವಾದ್ಯವೇ ಕಥೆಯ ಒಂದು ಪಾತ್ರ. ಡೊಳ್ಳಾಸುರನ ಹೊಟ್ಟೆ ಬಗೆದ ಶಿವ ಅವನ ಚರ್ಮದಿಂದ ಡೊಳ್ಳು ಮಾಡಿ ಹಾಲುಮತದವರ (ಕುರುಬರ) ಕೈಗೆ ಕೊಟ್ಟ ಅನ್ನುವುದು ಬೀರದೇವರ ಒಕ್ಕಲಿನವರ ನಂಬಿಕೆ. ಹಾಗಾಗಿ ಡೊಳ್ಳಿನ ಮೇಲೆ ಬೀಳುವ ಮೊದಲ ಪೆಟ್ಟಿಗೇ ಕಥೆ ಶುರುವಾಗಿರುತ್ತದೆ, ಕೇಳುವವರಿಗೆ ಅದು ಗೊತ್ತಿರಬೇಕಷ್ಟೆ. ಗೊತ್ತಿಲ್ಲದ ಸಭೆಗೆ ಬಾರಿಸುವಾಗ ಲಯದ ಕಟ್ಟಡವೇ ಆ ಕೆಲಸ ಮಾಡಬೇಕು: ಎಲ್ಲಿ ಒಬ್ಬನೇ ಬಾರಿಸುತ್ತಾನೆ, ಎಲ್ಲಿ ಎಲ್ಲರೂ ಕೂಡುತ್ತಾರೆ, ಎಲ್ಲಿ ಸದ್ದು ಪೂರ್ತಿ ನಿಲ್ಲುತ್ತದೆ, ಯಾರು ಯಾರನ್ನು ಸುತ್ತುವರಿಯುತ್ತಾರೆ. ಮೈಕಿನಲ್ಲಿ ನಿರೂಪಕ ಕಥೆ ಓದುತ್ತಾ ಹಿಂದೆ ಡೊಳ್ಳು ಗುಡುಗುತ್ತಿದ್ದರೆ ಅದನ್ನು ಹಿನ್ನೆಲೆ ಸದ್ದು ಅನ್ನಬಹುದು, ಮೇಳ ಅನ್ನಲಾಗದು.

ಯಾವ ಕಥೆಗೆ ಯಾವ ವಾದ್ಯ?

ಬೀರಲಿಂಗೇಶ್ವರನಿಗೆ ಡೊಳ್ಳು. ಮಲೆ ಮಾದಪ್ಪನಿಗೆ ಅವನ ದೇವರಗುಡ್ಡರು ಹಿಡಿಯುವ ಕಂಸಾಳೆ. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರಿಗೆ ತಂಬೂರಿ, ಗಗ್ಗರ, ದಮ್ಮಡಿ. ದಕ್ಷಯಜ್ಞ ಕೆಡಿಸಿದ ವೀರಭದ್ರನ ವೀರಗಾಸೆಗೆ ಸಮ್ಮಾಳ, ಕರಡೆ, ತಾಳ, ಮುಖವೀಣೆ (ಇದು ಊದುವ ವಾದ್ಯ). ಎಲ್ಲಮ್ಮನ ಜೋಗತಿಯರಿಗೆ ಚೌಡಿಕೆ. ಅದು ತಂತಿವಾದ್ಯವಾದರೂ ಮಾಡುವ ಕೆಲಸ ಲಯದ್ದೇ. ತುಳುನಾಡಿನ ಪಾಡ್ದನಕ್ಕೆ, ಅಂದರೆ ಕಥೆ ಹೇಳುವ ಹಾಡಿಗೆ, ತೆಂಬರೆ. ಕೊಡವರ ಹಾಡುಗಳಿಗೆ ನಾಲ್ವರು ಕೂಡಿ ಬಾರಿಸುವ ದುಡಿ. ಕಾಡುಗೊಲ್ಲರ ಜುಂಜಪ್ಪನಿಗೆ ಗಣೆ, ಅದು ಉದ್ದನೆಯ ಬಿದಿರಿನ ಕೊಳಲು. ತಾಳವಾದ್ಯದ ಮೇಳದಲ್ಲಿ ಉಸಿರಿನ ಪಾತ್ರಕ್ಕೆ ಬಲು ಚೆನ್ನ. ಹುಬ್ಬಳ್ಳಿ-ಧಾರವಾಡ ಸೀಮೆಯ ಜಗ್ಗಲಿಗೆ ಹೋಳಿಹುಣ್ಣಿಮೆಯ ವಾದ್ಯ, ಅಲ್ಲಿ ಕಾಮದಹನ ತಾನಾಗಿಯೇ ಬರುತ್ತದೆ.

ಕಥೆ ಒಂದು ಕಡೆಯದು, ವಾದ್ಯ ಇನ್ನೊಂದು ಕಡೆಯದು ಆದರೆ ತಪ್ಪೇನಿಲ್ಲ. ಆದರೆ ಮಾದಪ್ಪನ ಕಥೆಗೆ ಕಂಸಾಳೆಯನ್ನೇ ಬಿಟ್ಟು ಡೊಳ್ಳು ಹಿಡಿದರೆ ಚಾಮರಾಜನಗರದ ಕಡೆಯ ಯಾವ ಪ್ರೇಕ್ಷಕನೂ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

ನಾವ್ಯಾರೂ ಸಂಗೀತ ಕಲಿತಿಲ್ಲ, ತಾಳಗೀಳ ಗೊತ್ತಿಲ್ಲ. ಪರವಾಗಿಲ್ವಾ?

ಪರವಾಗಿಲ್ಲ. ಎಂಟರವರೆಗೆ ಎಣಿಸಿಕೊಂಡು ನಡೆಯಲು ಬಂದರೆ ಸಾಕು. ಮೊದಲ ವಾರ ವಾದ್ಯ ಮುಟ್ಟಬೇಡಿ. ಎಂಟು ಹೆಜ್ಜೆ ಹಾಕುತ್ತಾ ಬಾಯಲ್ಲಿ ‘ತಕಧಿಮಿ ತಕಧಿಮಿ’ ಹೇಳಿ, ಒಂದನೆಯ ಹೆಜ್ಜೆಗೆ ಮಾತ್ರ ಚಪ್ಪಾಳೆ. ಅದು ಕೂಡಿದ ಮೇಲೆ ಅದೇ ನಡಿಗೆಯಲ್ಲಿ ‘ತಕಿಟ ತಕಿಟ ತಕ’ ಹೇಳಿ. ಮೂರು, ಮೂರು, ಎರಡು, ಒಟ್ಟು ಎಂಟೇ. ಕಾಲು ನಾಲ್ಕು-ನಾಲ್ಕಾಗಿ ಹೋಗುತ್ತಿದ್ದರೂ ಬಾಯಿ ಮೂರು-ಮೂರು-ಎರಡು ಹೇಳುವಷ್ಟು ಸಲೀಸಾದರೆ ಮೇಳದ ಅರ್ಧ ಕೆಲಸ ಮುಗಿದಂತೆ. ಶಾಸ್ತ್ರೀಯ ಮೃದಂಗ ಕಲಿತವರಿಗೆ ಇಲ್ಲಿ ಬೇರೆಯದೇ ತೊಂದರೆ: ಕುಳಿತು ಬಾರಿಸಿ ಅಭ್ಯಾಸವಾದ ಕೈ ಕುಣಿಯುತ್ತಾ ಬಾರಿಸುವಾಗ ತಡವರಿಸುತ್ತದೆ.

ಎಷ್ಟು ಜನ ಬೇಕು?

ಡೊಳ್ಳಿನ ತಂಡಕ್ಕೆ ಹತ್ತು-ಹನ್ನೆರಡು ಜನ ವಾಡಿಕೆ. ಕಥೆ ಕಟ್ಟುವ ಮೇಳಕ್ಕಾದರೆ ಎಂಟು ಡೊಳ್ಳು, ಎರಡು ಜೊತೆ ತಾಳ, ಒಂದು ಜಾಗಟೆ, ಹೀಗೆ ಹನ್ನೊಂದು ಜನ ಸರಿಹೋಗುತ್ತಾರೆ. ಆರಕ್ಕಿಂತ ಕಡಿಮೆ ಡೊಳ್ಳಿದ್ದರೆ ಒಂದು ಗುಂಪು ಇನ್ನೊಂದಕ್ಕೆ ಉತ್ತರ ಕೊಡುವ ಆಟ ತೆಳುವಾಗುತ್ತದೆ. ಹದಿನಾರು ದಾಟಿದರೆ ಒಳಾಂಗಣದಲ್ಲಿ ಪೆಟ್ಟುಗಳ ನಡುವಿನ ವ್ಯತ್ಯಾಸವೇ ಕೇಳುವುದಿಲ್ಲ, ಎಲ್ಲವೂ ಒಂದೇ ಗದ್ದಲ. ಬಾರಿಸುವವರ ಜೊತೆಗೆ ಹೊರಗೆ ನಿಂತು ಕೇಳುವವರು ಒಬ್ಬರು ಬೇಕೇ ಬೇಕು.

ನಾವು ಆ ದೇವರ ಒಕ್ಕಲಲ್ಲ. ಅವರ ವಾದ್ಯ, ಅವರ ಕಥೆ ನಾವು ಮಾಡಬಹುದಾ?

ಇವತ್ತು ಶಾಲೆ ಕಾಲೇಜುಗಳಲ್ಲಿ ಎಲ್ಲ ಸಮುದಾಯದವರೂ, ಹೆಣ್ಣುಮಕ್ಕಳ ತಂಡಗಳೂ ಡೊಳ್ಳು ಕುಣಿತ ಮಾಡುತ್ತಿದ್ದಾರೆ, ಅದಕ್ಕೆ ಅಡ್ಡಿಯಿಲ್ಲ. ಎಚ್ಚರ ಬೇಕಾದದ್ದು ಆಚರಣೆಯ ವಿಷಯದಲ್ಲಿ. ಗುಡಿಯಲ್ಲಿ ಪೂಜೆಗೊಳ್ಳುವ ವಾದ್ಯ ಬೇರೆ, ವೇದಿಕೆಯ ವಾದ್ಯ ಬೇರೆ. ಗುಡಿಯದನ್ನು ಕಡ ಕೇಳಬೇಡಿ. ದೀಕ್ಷೆ ಪಡೆದ ದೇವರಗುಡ್ಡರಿಗೆ ಕಂಸಾಳೆ ಹಿಡಿದು ಮನೆಮನೆಗೆ ಭಿಕ್ಷೆಗೆ ಹೋಗುವುದು ಒಂದು ವ್ರತ. ಅವರ ವೇಷ ಹಾಕಿಕೊಂಡು ವೇದಿಕೆಯಲ್ಲಿ ಭಿಕ್ಷೆಯ ಅಣಕ ಮಾಡುವುದು ತರವಲ್ಲ. ಭೂತಕೋಲದ ದರ್ಶನ, ಆವೇಶಗಳನ್ನಂತೂ ವೇದಿಕೆಗೆ ತರಲೇಬೇಡಿ. ಕಥೆಯನ್ನು ಲಯದಲ್ಲಿ ಹೇಳಬಹುದು, ಮೈಮೇಲೆ ಬಂದಂತೆ ನಟಿಸುವ ಅಗತ್ಯವಿಲ್ಲ. ಆ ಕಥೆ ಹಾಡುವ ಹಿರಿಯರ ಹತ್ತಿರ ಕೂತು ಒಮ್ಮೆಯಾದರೂ ಕೇಳಿ, ಎಲೆ ಅಡಿಕೆ ಇಟ್ಟು ‘ಹೀಗೆ ಮಾಡ್ತಾ ಇದ್ದೀವಿ’ ಅಂತ ತಿಳಿಸಿ. ಎಷ್ಟೋ ತಂಡಗಳಿಗೆ ಮೇಳದ ಒಳ್ಳೆಯ ಭಾಗ ಸಿಕ್ಕಿದ್ದೇ ಅಲ್ಲಿ.

## ವಾದ್ಯಗಳ ಬಗ್ಗೆ

ಡೊಳ್ಳು ತಗೋಬೇಕಂದ್ರ ಏನೇನ್ ನೋಡ್ಬೇಕ್ರಿ?

ಮೊದಲು ಮರ. ಹೊನ್ನೆ, ಮಾವು ರೂಢಿಯಲ್ಲಿವೆ. ಒಳಗೆ ಕೈಹಾಕಲು ಆಗುವುದಿಲ್ಲವಾದ್ದರಿಂದ ಹೊರಮೈಯನ್ನು ಬೆರಳಗಂಟಿನಿಂದ ಸುತ್ತಲೂ ತಟ್ಟಿ ನೋಡಿ. ಒಂದು ಕಡೆ ‘ಟಕ್’ ಅಂದು ಇನ್ನೊಂದು ಕಡೆ ‘ಪೊಳ್’ ಅಂದರೆ ಬಿರುಕು ಇದೆ ಅಥವಾ ಕೊರೆದ ದಪ್ಪ ಸಮ ಇಲ್ಲ. ಎರಡನೆಯದು ಬಾಯಿಯ ಅಂಚು: ಚರ್ಮ ಕೂರುವ ಅಂಚು ಒರಟಾಗಿದ್ದರೆ ಚರ್ಮ ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಮೂರನೆಯದು ಚರ್ಮ. ಬೆಳಕಿಗೆ ಓರೆಯಾಗಿ ಹಿಡಿದರೆ ಚಾಕುವಿನ ಗೀರು, ತೆಳುವಾದ ಜಾಗ ಕಾಣುತ್ತವೆ. ನಡುವೆ ಗೀರಿದ್ದರೆ ಬೇಡ. ನಾಲ್ಕನೆಯದು ಹಗ್ಗ: ಹತ್ತಿಯ ಹಗ್ಗ ತೇವಕ್ಕೆ ಬಿಗಿದು ಒಣಗಿದಾಗ ಸಡಿಲಾಗುತ್ತದೆ. ನೈಲಾನ್ ಹಾಗಾಗುವುದಿಲ್ಲ, ಆದರೆ ಹೊಸದರಲ್ಲಿ ಜಗ್ಗುತ್ತದೆ, ಮೊದಲ ತಿಂಗಳು ಆಗಾಗ ಬಿಗಿಯಬೇಕು.

ಕೊನೆಗೆ ತೂಕ. ಹತ್ತು ಕಿಲೋ ಆಸುಪಾಸಿನ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ಹತ್ತು ನಿಮಿಷ ಕುಣಿದು ನೋಡದೆ ಹಣ ಕೊಡಬೇಡಿ. ನಿಂತಾಗ ಹಗುರ ಅನ್ನಿಸಿದ್ದು ಕೂತೆದ್ದು ಕುಣಿಯುವಾಗ ಬೇರೆಯೇ ಲೆಕ್ಕ. ಪಟ್ಟಿ ಕತ್ತಿನ ಹಿಂಬದಿಗೆ ಒತ್ತದೆ ಹೆಗಲಿನ ಮೇಲೆ ಹಂಚಿಕೊಳ್ಳಬೇಕು. ಅಗಲ ಮೂರು ಬೆರಳಿಗಿಂತ ಕಡಿಮೆಯಾದರೆ ಹೆಗಲ ಚರ್ಮ ಸುಲಿಯುತ್ತದೆ. ಎಂಟು ಡೊಳ್ಳು ಕೊಳ್ಳುವುದಾದರೆ ಎಂಟನ್ನೂ ಒಟ್ಟಿಗೆ ಬಾರಿಸಿ ಕೇಳಿ. ಎಲ್ಲದರ ಸದ್ದೂ ಒಂದೇ ಆಗಬೇಕಿಲ್ಲ, ಎರಡು ಮೂರು ತಗ್ಗಿನವು, ಉಳಿದವು ತುಸು ಏರಿನವು ಇದ್ದರೆ ಸಂಭಾಷಣೆಗೆ ಅನುಕೂಲ.

ಮಳೆಗಾಲದಲ್ಲಿ ಡೊಳ್ಳು ಸಪ್ಪೆ ಆಗುತ್ತೆ, ತಮಟೆಯಂತೂ ಸತ್ತೇ ಹೋಗುತ್ತೆ. ಏನು ಮಾಡೋದು?

ಚರ್ಮ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬಿಗಿ ಕಡಿಮೆಯಾಗಿ ಶ್ರುತಿ ಇಳಿಯುತ್ತದೆ. ತಮಟೆಗೆ ಹಗ್ಗದ ಬಿಗಿತವೇ ಇಲ್ಲ, ಅದಕ್ಕೇ ಬೆಂಕಿ ಕಾಯಿಸುವುದು. ಹುಲ್ಲು ಅಥವಾ ಕಾಗದದ ಚಿಕ್ಕ ಉರಿ ಸಾಕು. ಉರಿಯಿಂದ ಒಂದೂವರೆ ಅಡಿ ಮೇಲೆ ಹಿಡಿದು ಸದಾ ತಿರುಗಿಸುತ್ತಿರಿ, ಅರ್ಧ ನಿಮಿಷಕ್ಕೊಮ್ಮೆ ಬೆರಳಲ್ಲಿ ತಟ್ಟಿ. ‘ಡಬ್’ ಅನ್ನುವುದು ‘ಠಣ್’ ಆದ ಕೂಡಲೇ ತೆಗೆಯಿರಿ. ಇನ್ನೂ ಸ್ವಲ್ಪ ಇರಲಿ ಅಂತ ಹಿಡಿದವರ ತಮಟೆ ಆಟದ ನಡುವೆ ಅಂಚಿನಲ್ಲಿ ಸೀಳುತ್ತದೆ: ಅತಿಯಾಗಿ ಒಣಗಿದ ಚರ್ಮ ಕುಗ್ಗಿ ಬಳೆಯನ್ನು ಜಗ್ಗುತ್ತಿರುತ್ತದೆ, ಜೋರಾದ ಮೊದಲ ಪೆಟ್ಟಿಗೇ ಬಿಟ್ಟುಕೊಡುತ್ತದೆ. ಕಾಯಿಸಿದ ಬಿಗಿ ತೇವದ ಸಂಜೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ವೇದಿಕೆ ಹತ್ತುವ ಐದು ನಿಮಿಷ ಮೊದಲು ಕಾಯಿಸಿ.

ಡೊಳ್ಳಿಗೆ ಬೆಂಕಿ ಬೇಡ, ಮರ ಬಿರಿಯುತ್ತದೆ. ಹಗ್ಗ ಬಿಗಿಯುವಾಗ ಒಂದೇ ಕಡೆಯಿಂದ ಸುತ್ತಿಕೊಂಡು ಬರಬಾರದು; ಒಂದು ಕಡೆ ಬಿಗಿದ ಮೇಲೆ ನೇರ ಎದುರಿನದನ್ನು ಬಿಗಿಯಿರಿ, ಇಲ್ಲವಾದರೆ ಚರ್ಮ ಒಂದು ಪಕ್ಕಕ್ಕೆ ಎಳೆದುಕೊಂಡು ಸದ್ದು ಸೊಟ್ಟಗಾಗುತ್ತದೆ. ಆಟ ಮುಗಿದ ಮೇಲೆ ಸಡಿಲಿಸಿ, ಒಣಬಟ್ಟೆ ಸುತ್ತಿ, ನೆಲಕ್ಕಿಡದೆ ಹಲಗೆಯ ಮೇಲಿಡಿ. ಬಿಗಿದೇ ಇಟ್ಟ ಡೊಳ್ಳು ಬೇಸಗೆಯ ಮಧ್ಯಾಹ್ನ ತಾನಾಗಿ ಒಡೆದ ಉದಾಹರಣೆಗಳು ಬೇಕಾದಷ್ಟಿವೆ.

ಪ್ಲಾಸ್ಟಿಕ್ ಹಾಳೆಯ ತಮಟೆ ತಗೊಂಡ್ರೆ ಈ ರಗಳೆನೇ ಇರಲ್ಲವಲ್ಲ?

ನಿಜ, ಮಳೆ ಬಂದರೂ ಜಗ್ಗುವುದಿಲ್ಲ, ಕಾಯಿಸುವ ಕೆಲಸವಿಲ್ಲ. ಆದರೆ ಸದ್ದು ಚೂಪು, ಪೆಟ್ಟು ಬಿದ್ದ ಮೇಲೂ ಗುಂಯ್‌ಗುಡುತ್ತದೆ. ನಾಲ್ಕು ಪ್ಲಾಸ್ಟಿಕ್ ತಮಟೆ ಎಂಟು ಡೊಳ್ಳನ್ನು ಮುಚ್ಚಿಹಾಕಬಲ್ಲವು. ಮೆರವಣಿಗೆಗೆ ಆಗಬಹುದು; ಕಥೆಯ ಮೇಳಕ್ಕೆ ಚರ್ಮದ್ದೇ ಸರಿ. ಬೇರೆ ದಾರಿಯೇ ಇಲ್ಲದಿದ್ದರೆ ಹಿಂಬದಿಯಿಂದ ಹಾಳೆಯ ಅಂಚಿಗೆ ನಾಲ್ಕು ಬೆರಳಗಲದ ಬಟ್ಟೆ ಅಂಟಿಸಿ, ಗುಂಯ್ ತಗ್ಗುತ್ತದೆ.

ಬೀಸು ಕಂಸಾಳೆ ಕಲಿಯುವಾಗ ಪಕ್ಕದವರ ತಲೆಗೆ ತಗಲುತ್ತೆ. ಏನು ತಪ್ಪು?

ಕಂಸಾಳೆಯಲ್ಲಿ ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸುವಾಗ ಚಪ್ಪಟೆಯದು ದಾರದ ತುದಿಯಲ್ಲಿ ಸುತ್ತಿ ಬಂದು ಬಟ್ಟಲಿಗೆ ಬಡಿಯುತ್ತದೆ. ಸಾಮಾನ್ಯ ತಪ್ಪು ಮಣಿಕಟ್ಟಿನ ಬದಲು ಇಡೀ ತೋಳು ಬೀಸುವುದು. ಆಗ ಸುತ್ತಿನ ಅಗಲ ಇಮ್ಮಡಿಯಾಗುತ್ತದೆ, ವೇಗವೂ ಕೈಮೀರುತ್ತದೆ. ಮೊದಲು ಚಪ್ಪಟೆ ತಾಳದ ಬದಲು ಅಷ್ಟೇ ತೂಕದ ಬಟ್ಟೆಗಂಟು ಕಟ್ಟಿ ಒಂದು ವಾರ ಅಭ್ಯಾಸ ಮಾಡಿ. ಇಬ್ಬರ ನಡುವೆ ಒಂದು ತೋಳು, ಅದರ ಮೇಲೆ ದಾರದ ಉದ್ದ, ಅದರ ಮೇಲೆ ಒಂದಡಿ, ಇಷ್ಟು ಅಂತರ ಇರಲಿ. ದಾರ ಸವೆಯುವುದು ತಾಳದ ತೂತಿನ ಅಂಚಿಗೆ ಉಜ್ಜುವ ಜಾಗದಲ್ಲಿ. ಪ್ರತಿ ಆಟಕ್ಕೂ ಮೊದಲು ಅದೊಂದನ್ನು ಬೆರಳಿಂದ ಸವರಿ ನೋಡಿ, ಎಳೆ ಎದ್ದಿದ್ದರೆ ಬದಲಾಯಿಸಿ. ಕಂಚಿನ ಬಿಲ್ಲೆ ಸಭೆಯ ಮೇಲೆ ಹಾರಿದರೆ ಮಾದಪ್ಪನೇ ಕಾಯಬೇಕು.

## ಕಥೆಯನ್ನು ಲಯಕ್ಕಿಳಿಸುವುದು

ಕಥೆಯನ್ನು ಲಯವಾಗಿ ಮಾಡೋದು ಅಂದ್ರೆ ಹೇಗೆ? ಒಂದು ಉದಾಹರಣೆ ಬಿಡಿಸಿ ಹೇಳಿ.

ಡೊಳ್ಳಾಸುರನ ಕಥೆಯನ್ನೇ ತೆಗೆದುಕೊಳ್ಳೋಣ. ಊರಿಂದೂರಿಗೆ ವಿವರ ಬದಲಾಗುತ್ತದೆ, ಎಲುಬು ಇಷ್ಟು: ಅಸುರ ತಪಸ್ಸು ಮಾಡುತ್ತಾನೆ, ಶಿವ ಅವನ ಹೊಟ್ಟೆಯೊಳಗೆ ಸೇರುತ್ತಾನೆ, ಒಳಗೇ ಬೆಳೆಯುತ್ತಾನೆ, ತಾಳಲಾರದ ಅಸುರನ ಹೊಟ್ಟೆ ಬಗೆದು ಹೊರಬರುತ್ತಾನೆ, ಆ ಚರ್ಮ ಡೊಳ್ಳಾಗುತ್ತದೆ. ಎಂಟು ಡೊಳ್ಳು, ಎರಡು ಜೊತೆ ತಾಳ, ಒಂದು ಜಾಗಟೆಗೆ ಇದನ್ನು ಎಂಟು ನಿಮಿಷದಲ್ಲಿ ಹೀಗೆ ಕಟ್ಟಬಹುದು.

ತಪಸ್ಸು: ನಿಮಿಷಕ್ಕೆ 60 ಮಾತ್ರೆ (ಲಯದ ಒಂದು ಎಣಿಕೆಯೇ ಒಂದು ಮಾತ್ರೆ), ಎಂಟು ಮಾತ್ರೆಯ ಆವರ್ತ (ತಾಳದ ಒಂದು ಸುತ್ತು). ಒಂದೇ ಡೊಳ್ಳು, ಕೋಲಿಲ್ಲದೆ ಬರಿಗೈಯಲ್ಲಿ, ಒಂದನೆಯ ಮತ್ತು ಐದನೆಯ ಮಾತ್ರೆಗೆ ಮಾತ್ರ. ನಾಲ್ಕು ಆವರ್ತ ಆದ ಮೇಲೆ ಇನ್ನೊಂದು, ಮತ್ತೆ ನಾಲ್ಕಾದ ಮೇಲೆ ಇನ್ನೆರಡು ಸೇರಲಿ. ಹನ್ನೆರಡು ಆವರ್ತಕ್ಕೆ 96 ಸೆಕೆಂಡು. ಸಭೆ ಮಾತು ನಿಲ್ಲಿಸಲು ಇಷ್ಟು ಹೊತ್ತು ಬೇಕು, ಕಡಿಮೆ ಮಾಡಬೇಡಿ.

ಒಳಸೇರುವುದು: ಎಂಟೂ ಡೊಳ್ಳು ಒಂದು ಭರ್ಜರಿ ಪೆಟ್ಟು, ಆಮೇಲೆ ಒಂದು ಇಡೀ ಆವರ್ತ ಮೌನ. ಆ ಎಂಟು ಸೆಕೆಂಡಿನಲ್ಲಿ ಏಳು ಜನ ಸುತ್ತುಗಟ್ಟಿ ನಿಂತು ಒಬ್ಬನನ್ನು ನಡುವೆ ಮರೆಮಾಡಬೇಕು. ಸುತ್ತು ಅಂದರೆ ಅಸುರ, ನಡುವಿನವನು ಶಿವ. ಇದನ್ನು ಮಾತಿನಲ್ಲಿ ಯಾರೂ ಹೇಳಬೇಕಿಲ್ಲ.

ಬೆಳೆಯುವುದು: ವೇಗ 84. ಸುತ್ತಿನವರು ಎಂಟು ಮಾತ್ರೆಯನ್ನು ಅಂಗೈಯಿಂದ ಅಂಚಿನಲ್ಲಿ ಮೆಲ್ಲಗೆ ಹಿಡಿದಿರಲಿ. ನಡುವಿನವನು ಕೋಲಿನಲ್ಲಿ ಮೂರು, ಐದು, ಏಳು, ಒಂಬತ್ತು ಮಾತ್ರೆಯ ಸೊಲ್ಲುಗಳನ್ನು ಒಂದರ ಹಿಂದೊಂದು ಬಾರಿಸುತ್ತಾನೆ: ತಕಿಟ, ತಕತಕಿಟ, ತಕಿಟತಕಧಿಮಿ, ತಕಧಿಮಿತಕತಕಿಟ. ಕೂಡಿದರೆ 24, ಅಂದರೆ ಸರಿಯಾಗಿ ಮೂರು ಆವರ್ತ. ಸೊಲ್ಲು ಹಿಗ್ಗುತ್ತಾ ಹೋಗಿ ಮತ್ತೆ ಸಮಕ್ಕೇ, ಅಂದರೆ ಆವರ್ತದ ಮೊದಲ ಮಾತ್ರೆಗೇ, ಬೀಳುತ್ತದೆ. ಸ್ರೋತೋವಹ ಯತಿ ಅನ್ನುವುದು ಇದನ್ನೇ. ನಾಲ್ಕು ಸಲ, ಪ್ರತಿ ಸಲವೂ ಒಂದು ಮೆಟ್ಟಿಲು ಜೋರು. ಇಲ್ಲಿ ಕೆಡುವುದು ಎರಡು ಕಡೆ: ಸುತ್ತಿನವರು ನಡುವಿನವನ ಜೋರಿಗೆ ಮನಸೋತು ತಾವೂ ಏರಿಸುತ್ತಾರೆ, ಆಗ ಒಳಗಿನದು ಕೇಳಿಸುವುದೇ ಇಲ್ಲ, ಮತ್ತು ಏಳರ ಸೊಲ್ಲಿನಲ್ಲಿ ಕಾಲು ಸೊಲ್ಲಿನ ಹಿಂದೆ ಹೋಗುತ್ತದೆ. ಎರಡಕ್ಕೂ ಮದ್ದು ತಾಳದವರು. ಅವರು ಸುತ್ತಿನ ಹೊರಗೆ ನಿಂತು ಒಂದನೆಯ ಮಾತ್ರೆಯನ್ನು ಬಿಡದೆ ಹಿಡಿದಿರಬೇಕು.

ಸಂಕಟ: ಸುತ್ತಿನವರು ಕೋಲನ್ನು ಮರದ ಅಂಚಿಗೆ ಬಡಿಯುತ್ತಾ 84ರಿಂದ 132ಕ್ಕೆ ಏರಿಸುತ್ತಾರೆ, ಒಂದೂವರೆ ನಿಮಿಷದಲ್ಲಿ. ನಡುವಿನವನು ಮೂರು-ಮೂರು-ಎರಡು.

ಬಗೆಯುವುದು: ಎಲ್ಲರೂ ಕೂಡಿ ತೀರ್ಮಾನ, ಅಂದರೆ ಒಂದೇ ಸೊಲ್ಲನ್ನು ಮೂರು ಸಲ ಬಾರಿಸಿ ಭಾಗ ಮುಗಿಸುವುದು. ಐದರ ಸೊಲ್ಲು ಮೂರು ಸಲ, ನಡುನಡುವೆ ಎರಡೆರಡು ಮಾತ್ರೆ ಬಿಡುವು: 5, 2, 5, 2, 5, ಒಟ್ಟು 19. ಮೂರು ಆವರ್ತದ 24ರಲ್ಲಿ ಐದು ಬಿಟ್ಟು ಆರನೆಯ ಮಾತ್ರೆಗೆ ಎತ್ತಿದರೆ ಮುಂದಿನ ಸಮದ ಪೆಟ್ಟಿಗೆ ಸರಿಯಾಗಿ ಮುಗಿಯುತ್ತದೆ. ಆ ಪೆಟ್ಟಿಗೆ ಸುತ್ತು ಒಡೆಯಬೇಕು, ಏಳೂ ಜನ ಹೊರಕ್ಕೆ ನೆಗೆಯಬೇಕು, ಜಾಗಟೆ ಅಲ್ಲಿಯೇ, ಅದೊಂದೇ ಸಲ.

ಉಳಿದ ಮೂರು ನಿಮಿಷ ಡೊಳ್ಳು ಹುಟ್ಟಿದ ಸಂತೋಷ: ವೇಗ 100ಕ್ಕೆ ಇಳಿಸಿ ಮಾಮೂಲಿನ ಕುಣಿತದ ಗತ್ತು (ರೂಢಿಯ ಲಯದ ನಡೆ), ಮೇಲೆ ಡೊಳ್ಳಿನ ಪದ. ಹೊಸ ಚಮತ್ಕಾರ ಏನೂ ಬೇಡ. ಸಾಂಪ್ರದಾಯಿಕ ಗತ್ತು ಕಥೆಯ ಫಲವಾಗಿ ಕೇಳಿಸುವುದೇ ಈ ಕಟ್ಟಡದ ಗುಟ್ಟು.

ಮಾದಪ್ಪನ ಕಥೆ ರಾತ್ರಿಯೆಲ್ಲಾ ಹಾಡಿದರೂ ಮುಗಿಯಲ್ಲ. ಹತ್ತು ನಿಮಿಷಕ್ಕೆ ಹೇಗೆ ತರೋದು?

ತರಬೇಡಿ. ಒಂದು ಸಾಲು, ಅಂದರೆ ಕಥೆಯ ಒಂದು ಭಾಗ, ಆರಿಸಿಕೊಳ್ಳಿ. ಸಂಕಮ್ಮನ ಸಾಲು ತಾಳವಾದ್ಯಕ್ಕೆ ಬಹಳ ಒಗ್ಗುತ್ತದೆ: ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯನ್ನು ಭಾಷೆ ಕೊಡು ಅನ್ನುತ್ತಾನೆ, ಅವಳು ಕೊಡುವುದಿಲ್ಲ, ಅವಳನ್ನು ಹಿಂಸಿಸಿ ಕೂಡಿಹಾಕಿ ಹೋಗುತ್ತಾನೆ, ಮಾದಪ್ಪ ಬಂದು ಬಿಡಿಸುತ್ತಾನೆ, ಕಾರಯ್ಯ ಬಿಲ್ಲಯ್ಯ ಅನ್ನುವ ಅವಳಿ ಮಕ್ಕಳ ವರ ಕೊಡುತ್ತಾನೆ. ಇಲ್ಲಿ ಒತ್ತಾಯ ಮತ್ತು ನಿರಾಕರಣೆ ಎರಡೇ ಮುಖ್ಯ. ಒತ್ತಾಯಕ್ಕೆ ತಮಟೆಯ ಒಂದೇ ಸೊಲ್ಲು ಪ್ರತಿ ಸಲ ಒಂದೊಂದು ಮಾತ್ರೆ ಬೇಗ ಬರುತ್ತಾ ಹೋಗಲಿ. ನಿರಾಕರಣೆಗೆ ಒಂದೇ ಕಂಸಾಳೆ, ಎಷ್ಟು ಒತ್ತಡ ಬಂದರೂ ತನ್ನ ವೇಗ ಬದಲಿಸದೆ. ಬಾರಿಸುವವರಿಗೆ ಇದು ಕೇಳಿದಷ್ಟು ಸುಲಭವಲ್ಲ. ಆರು ತಮಟೆ ಓಡುತ್ತಿರುವಾಗ ಕಂಸಾಳೆಯವಳು ಒಬ್ಬಳೇ ನಿಧಾನ ಹಿಡಿದಿರಬೇಕು. ಅವಳು ಅವರತ್ತ ನೋಡದೆ, ತನ್ನ ಹೆಜ್ಜೆ ಎಣಿಸಿಕೊಂಡು ನಡೆಯುತ್ತಿದ್ದರೆ ಮಾತ್ರ ಸಾಧ್ಯ. ಬಿಡುಗಡೆಯ ಹೊತ್ತಿಗೆ ತಮಟೆಗಳು ನಿಂತು ಉಳಿದ ಕಂಸಾಳೆಗಳು ಅವಳ ವೇಗಕ್ಕೆ ಬಂದು ಕೂಡಿಕೊಳ್ಳಲಿ. ‘ಉಘೇ ಮಾದಪ್ಪ’ ಅಲ್ಲಿ ತಾನಾಗಿ ಬರುತ್ತದೆ. ಅವಳಿ ಮಕ್ಕಳಿಗೆ ಎರಡು ಕಂಸಾಳೆಯ ಸವಾಲ್-ಜವಾಬು ಬೇಕಾದರೆ ಸೇರಿಸಿ.

ಏಳು ಮಲೆ ಎಪ್ಪತ್ತೇಳು ಮಲೆ ಅಂತಾರೆ. ಅದಕ್ಕೇ ಏಳು ಮಾತ್ರೆಯ ತಾಳ ಇಟ್ಟರೆ ಚೆನ್ನಾಗಿರುತ್ತಲ್ವಾ?

ಏಳು ಇಟ್ಟಿದ್ದು ಕರಪತ್ರದಲ್ಲಿ ಬರೆದರೆ ಮಾತ್ರ ತಿಳಿಯುತ್ತದೆ ಅಂತಾದರೆ ಇಡಬೇಡಿ. ಮೂರು-ನಾಲ್ಕರ ಮಿಶ್ರಛಾಪು ಕುಂಟುವಂತೆ ನಡೆಯುತ್ತದೆ. ಗುಡ್ಡ ಹತ್ತುವ ನಡಿಗೆಗೆ ಅದು ಮೈಗೆ ತಾಗುವ ಹಾಗೆ ಹೊಂದುತ್ತದೆ, ಆ ಕಾರಣಕ್ಕೆ ಇಟ್ಟರೆ ಸರಿ. ಬೀಸು ಕಂಸಾಳೆಯ ಸುತ್ತುಗಳು ಏಳಕ್ಕೆ ಕಷ್ಟಪಟ್ಟು ಕೂರುತ್ತವೆ. ಹತ್ತುವ ಭಾಗ ತಮಟೆಗೆ ಬಿಟ್ಟು, ಮಲೆಯ ತುದಿಯಲ್ಲಿ ಎಂಟಕ್ಕೆ ಬಂದು ಕಂಸಾಳೆ ಬೀಸಿದರೆ ಕೈಗೂ ಸುಖ.

ವೀರಗಾಸೆಯಲ್ಲಿ ಒಡಪು ಹೇಳುವಾಗ ವಾದ್ಯ ನುಂಗಿಹಾಕುತ್ತೆ.

ಒಡಪು, ಅಂದರೆ ಕಥೆಯನ್ನು ಏರುದನಿಯಲ್ಲಿ ಹೇಳುವ ಮಾತು, ನಡೆಯುವಾಗ ವಾದ್ಯ ಇರಲೇಬಾರದು, ಸಂಪ್ರದಾಯವೂ ಅದೇ. ಒಡಪಿನ ಸಾಲು ಮುಗಿದ ಉಸಿರಿಗೆ ಸಮ್ಮಾಳ-ಕರಡೆ ಸಿಡಿಯಬೇಕು. ಆ ಸಿಡಿತ ತಡವಾಗುವುದು ವಾದ್ಯದವರು ಮಾತಿನ ಕೊನೆ ಕಾಯುವುದರಿಂದ. ಪ್ರತಿ ಒಡಪಿನ ಕೊನೆಯ ಎರಡು ಪದ ಅವರಿಗೆ ಬಾಯಿಪಾಠ ಇದ್ದು, ಕೊನೆಯ ಪದದ ಜೊತೆಗೇ ಕೋಲು ಎತ್ತಿದ್ದರೆ ಸರಿಹೋಗುತ್ತದೆ. ದಕ್ಷನಿಗೆ ಕುರಿತಲೆ ಬರುವ ಜಾಗದಲ್ಲಿ ನಗೆಗೆ ಅವಕಾಶವಿದೆ, ಮುಖವೀಣೆಯವರನ್ನು ಅಲ್ಲಿ ಅವರಿಷ್ಟಕ್ಕೆ ಬಿಡಿ.

ಡೊಳ್ಳಿನ ಜೊತೆ ಚಂಡೆ, ಕಂಸಾಳೆ ಜೊತೆ ದುಡಿ, ಹೀಗೆ ಬೆರೆಸಬಹುದಾ?

ಬೆರೆಸುವ ಮುನ್ನ ಎರಡು ಲೆಕ್ಕ. ಒಂದು, ಸದ್ದಿನ ಎತ್ತರ. ಡೊಳ್ಳು ತಗ್ಗು, ಚಂಡೆ ಏರು, ಆದ್ದರಿಂದ ಒಂದನ್ನೊಂದು ಮುಚ್ಚುವುದಿಲ್ಲ. ಆದರೆ ಚಂಡೆಯ ಬಿರುಸಾದ ಉರುಳಿಕೆ ನಡೆಯುವಾಗ ಡೊಳ್ಳು ಪೆಟ್ಟು ಕಡಿಮೆ ಮಾಡಲೇಬೇಕು. ದುಡಿ ಮೃದು, ಕಂಸಾಳೆಯ ಕಂಚಿನೆದುರು ಮೈಕಿಲ್ಲದೆ ನಿಲ್ಲದು. ಎರಡು, ಬಾರಿಸುವವರ ಮೈ. ಚಂಡೆಯವರು ಒಂದೆಡೆ ನಿಂತು ಯಕ್ಷಗಾನದ ಭಾಗವತರತ್ತ ಕಣ್ಣಿಟ್ಟು ಬಾರಿಸಿ ಬೆಳೆದವರು, ಡೊಳ್ಳಿನವರು ಒಬ್ಬರ ಹೆಜ್ಜೆ ಒಬ್ಬರು ನೋಡಿ. ಇಬ್ಬರಿಗೂ ಒಬ್ಬನೇ ಮುಂದಾಳು ಕಾಣುವಂತೆ ನಿಲ್ಲಿಸದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಕೂಡದು. ಮೂರು ಸೀಮೆಗಿಂತ ಹೆಚ್ಚು ವಾದ್ಯ ಒಂದೇ ಮೇಳಕ್ಕೆ ತಂದವರು ಕೊನೆಗೆ ಎಲ್ಲರಿಂದಲೂ ಒಂದೇ ಆದಿತಾಳ ಬಾರಿಸಿಸುವುದನ್ನು ನೋಡುತ್ತಲೇ ಇದ್ದೇವೆ. ಹಾಗಾದರೆ ತರುವುದಾದರೂ ಯಾಕೆ?

## ಅಭ್ಯಾಸ, ವೇದಿಕೆ, ಧ್ವನಿಮುದ್ರಣ

ಸಭಾಂಗಣದಲ್ಲಿ ಸರಿಯಾಗಿ ಕೂಡುತ್ತೆ, ಮೆರವಣಿಗೆಯಲ್ಲಿ ಹಿಂದಿನವರು ಯಾವಾಗಲೂ ತಡ. ಅವರದೇ ತಪ್ಪಲ್ವಾ?

ಅಲ್ಲ, ಗಾಳಿಯದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮುಂದಿನವರಿಂದ 34 ಮೀಟರ್ ಹಿಂದಿದ್ದವನಿಗೆ ಪೆಟ್ಟು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ಕೇಳುತ್ತದೆ. ನಿಮಿಷಕ್ಕೆ 120ರ ವೇಗದಲ್ಲಿ ಒಂದು ಮಾತ್ರೆ ಅರ್ಧ ಸೆಕೆಂಡು, ಅಂದರೆ ತಡವೇ ಮಾತ್ರೆಯ ಐದನೇ ಒಂದು ಪಾಲು. ಅವನು ಕೇಳಿದ್ದಕ್ಕೆ ಸರಿಯಾಗಿ ಬಾರಿಸಿದರೂ ಅದು ಮುಂದಿನವರಿಗೆ ತಲುಪುವಾಗ ಅದರ ಎರಡರಷ್ಟು ತಡ. ಕಿವಿಗಿಂತ ಕಣ್ಣು ನಂಬಿ: ಮುಂದಾಳನ್ನು ತಂಡದ ನಡುವೆ ನಿಲ್ಲಿಸಿ, ಅವನ ಕೋಲಿನ ತುದಿಗೆ ಬಿಳಿ ಬಟ್ಟೆ ಕಟ್ಟಿ, ಎಲ್ಲರೂ ಅದನ್ನು ನೋಡಿ ಬಾರಿಸಲಿ. ಸಾಲಿನ ಉದ್ದ ಹತ್ತು ಮೀಟರಿನೊಳಗೆ ಇಡಿ, ಉದ್ದಕ್ಕಿಂತ ಅಗಲ ಹೆಚ್ಚಿಸಿ. ಮೆರವಣಿಗೆಗೆ 110 ದಾಟದಿದ್ದರೆ ಒಳಿತು. ಲೌಡ್‌ಸ್ಪೀಕರ್ ಗಾಡಿ ಹಿಂದೆ ಬರುತ್ತಿದ್ದರೆ ಈ ಲೆಕ್ಕವೆಲ್ಲ ಮಣ್ಣುಪಾಲು, ಅದನ್ನು ಮುಂದಕ್ಕೆ ಕಳಿಸಿ.

ಪ್ರತಿ ಸಲವೂ ವೇಗ ತಾನಾಗಿ ಓಡುತ್ತೆ. ತಡೆಯೋದು ಹೇಗೆ?

ಜೋರು ಮಾಡುವಾಗಲೇ ವೇಗವೂ ಏರುವುದು. ಎರಡನ್ನೂ ಬೇರೆ ಬೇರೆ ಅಭ್ಯಾಸ ಮಾಡಿ: ವೇಗ ಬದಲಿಸದೆ ಮೆಲ್ಲಗಿನಿಂದ ಜೋರಿಗೆ ಹದಿನಾರು ಆವರ್ತ, ಜೋರು ಬದಲಿಸದೆ ನಿಧಾನದಿಂದ ವೇಗಕ್ಕೆ ಹದಿನಾರು ಆವರ್ತ. ಮೊಬೈಲಿನ ಮೆಟ್ರೊನೋಮ್ ಡೊಳ್ಳಿನ ಸದ್ದಿನಲ್ಲಿ ಕೇಳದು, ಪರದೆಯ ಮಿನುಗು ನೋಡಿಕೊಳ್ಳಿ. ತಾಳ ಹಿಡಿದವರು ಗಟ್ಟಿಯಿದ್ದರೆ ಮೇಳ ಓಡುವುದಿಲ್ಲ. ಹೊಸಬರಿಗೆ ತಾಳ ಕೊಟ್ಟು ಹಳಬರಿಗೆ ಡೊಳ್ಳು ಕೊಡುವ ಪದ್ಧತಿಯೇ ತಿರುಗುಮುರುಗು.

ಕಟ್ಟಿದ್ದನ್ನು ಬರೆದಿಡೋದು ಹೇಗೆ? ಮುಂದಿನ ವರ್ಷ ಮರೆತುಹೋಗುತ್ತೆ.

ಚೌಕುಳಿ ಹಾಳೆಯಲ್ಲಿ ಒಂದು ಸಾಲಿಗೆ ಎಂಟು ಮನೆ, ಒಂದು ಮನೆ ಒಂದು ಮಾತ್ರೆ. ಕೋಲುಪೆಟ್ಟಿಗೆ ‘ಡ’, ಕೈಪೆಟ್ಟಿಗೆ ‘ಧ’, ಅಂಚಿಗೆ ‘ಟ’, ಬಿಡುವಿಗೆ ಚುಕ್ಕೆ. ವಾದ್ಯಕ್ಕೊಂದು ಸಾಲು, ಎಡ ಅಂಚಿನಲ್ಲಿ ವೇಗ, ಬಲ ಅಂಚಿನಲ್ಲಿ ಎಷ್ಟು ಸಲ ಅಂತ ಬರೆಯಿರಿ. ಹೆಜ್ಜೆ ಮತ್ತು ನಿಲ್ಲುವ ಜಾಗಕ್ಕೆ ಬೇರೆ ಹಾಳೆ. ಜೊತೆಗೆ ಪ್ರತಿ ಭಾಗವನ್ನೂ ಬಾಯಲ್ಲಿ ಹೇಳಿ ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಬಾರಿಸಿದ ಮುದ್ರಣಕ್ಕಿಂತ ಬಾಯಲ್ಲಿ ಹೇಳಿದ್ದು ಕಲಿಯಲು ಸುಲಭ.

ಅಭ್ಯಾಸ ಮುಗಿದ ಮೇಲೆ ಕಿವಿ ಗುಂಯ್ ಅನ್ನುತ್ತೆ. ಮಾಮೂಲಾ?

ಮಾಮೂಲು ಅಂತ ಬಿಡಬೇಡಿ, ಅದು ಕಿವಿಗೆ ಪೆಟ್ಟಾದ ಲಕ್ಷಣ. 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ ಮಿತಿ ಅಂತ ಇಟ್ಟುಕೊಂಡರೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ: 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಮುಚ್ಚಿದ ಕೋಣೆಯಲ್ಲಿ ಎಂಟು ಡೊಳ್ಳು ಕೂಡಿದರೆ 100 ದಾಟುವುದು ಕಷ್ಟವೇನಲ್ಲ. ಬಯಲಲ್ಲಿ ಅಭ್ಯಾಸ ಮಾಡಿ, ಫೋಮಿನ ಕಿವಿಬೆಣೆ ಹಾಕಿ. ಹತ್ತಿ ಸಾಲದು. ಸೊಲ್ಲು ಕೂಡಿಸುವ ಅಭ್ಯಾಸವನ್ನೆಲ್ಲ ತೊಡೆಯ ಮೇಲೆ ತಟ್ಟಿಯೇ ಮುಗಿಸಬಹುದು.

ರೆಕಾರ್ಡಿಂಗ್‌ನಲ್ಲಿ ಡೊಳ್ಳು ಡಬ್ಬದ ಹಾಗೆ ಕೇಳುತ್ತೆ. ಯಾಕೆ?

ಮೊಬೈಲು ತಾನಾಗಿ ಸದ್ದು ತಗ್ಗಿಸಿ-ಏರಿಸುವುದರಿಂದ, ಮತ್ತು ಮೈಕು ತೀರಾ ಹತ್ತಿರ ಇರುವುದರಿಂದ. ಎರಡು ಮೈಕನ್ನು ತಂಡದ ಮುಂದೆ ಮೂರು ಮೀಟರ್ ದೂರ, ಎರಡೂವರೆ ಮೀಟರ್ ಎತ್ತರದಲ್ಲಿ ಇಡಿ. ತಗ್ಗಿನ ಡೊಳ್ಳಿಗೆ ಮಾತ್ರ ಒಂದು ಹತ್ತಿರದ ಮೈಕು. ಅತಿ ಜೋರಿನ ತೀರ್ಮಾನ ಬಾರಿಸಿ ಅಳತೆ ನೋಡಿ, ಅದು ಮೈನಸ್ 12 ಡೆಸಿಬಲ್ ಮೀರದಂತೆ ಗೇನ್ ಇಡಿ. 24 ಬಿಟ್‌ನಲ್ಲಿ ಮುದ್ರಿಸಿದರೆ ತಪಸ್ಸಿನ ಮೆಲುಪೆಟ್ಟೂ ಉಳಿಯುತ್ತದೆ. ನಾಲ್ಕು ಕಡೆ ಸಿಮೆಂಟು ಗೋಡೆಯ ಕೋಣೆಗಿಂತ ಮರದ ಕೆಳಗಿನ ಬಯಲು ಎಷ್ಟೋ ಮೇಲು, ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಬೇಕು ಅಷ್ಟೆ.

ಜನಪದ ಅಂದ್ಮೇಲೆ ಯಾರ ಹಕ್ಕೂ ಇಲ್ಲ ಅಲ್ವಾ? ಯೂಟ್ಯೂಬಿಗೆ ಹಾಕಬಹುದಲ್ಲ?

ಕಥೆಗೆ, ಸಾಂಪ್ರದಾಯಿಕ ಗತ್ತಿಗೆ ಒಬ್ಬರ ಹಕ್ಕಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕಿಗೆ 50 ವರ್ಷ ರಕ್ಷಣೆಯಿದೆ. ಬರೆದವರ ಕೃತಿಗೆ ಅವರ ಆಯುಷ್ಯ ಮತ್ತು ಆಮೇಲೆ 60 ವರ್ಷ. ಯಾರದೋ ಕ್ಯಾಸೆಟ್ಟಿನಿಂದ ಹಾಡಿನ ತುಣುಕು ಕತ್ತರಿಸಿ ಮೇಳಕ್ಕೆ ಅಂಟಿಸುವಂತಿಲ್ಲ. ಒಬ್ಬ ಹಾಡುಗಾರರಿಂದ ಪದ ಕಲಿತಿದ್ದರೆ ಒಪ್ಪಿಗೆಯನ್ನು ಕಾಗದದಲ್ಲಿ ಪಡೆದು, ಹೆಸರು ಹಾಕಿ, ಸಂಭಾವನೆಯನ್ನು ಮುದ್ರಣದ ದಿನವೇ ಕೊಡಿ. ಹಳೆಯ ಮುದ್ರಣ, ವಾದ್ಯಗಳ ಮಾದರಿ ನೋಡಬೇಕೆಂದರೆ ರಾಮನಗರದ ಜಾನಪದ ಲೋಕ, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಎರಡೂ ಕಡೆ ಹೋಗಬಹುದು. ಕಲಾವಿದರ ಗುರುತಿಗೆ ಕರ್ನಾಟಕ ಜಾನಪದ ಅಕಾಡೆಮಿಯನ್ನು ಕೇಳಿ.